ಆರಾಧನೆಯಲ್ಲಿ ಕೇಳಿಸದೆ ಹೋದ ಮಾತು: ಕರಾವಳಿಯ ಒಂದು ಸಭೆಯ ಪ್ರಕರಣ ಅಧ್ಯಯನ

ಕಿವಿ ಮಂದವಾದ ಹಿರಿಯರು ದೇವಾಲಯಕ್ಕೆ, ಅಂದರೆ ಚರ್ಚಿಗೆ, ಬರುವುದನ್ನು ಕಡಿಮೆ ಮಾಡಿದರೆ ಸಭೆಯ ಜನ ಅದಕ್ಕೆ ವಯಸ್ಸನ್ನೋ ಮೊಣಕಾಲು ನೋವನ್ನೋ ಕಾರಣವಾಗಿ ಹೇಳುತ್ತಾರೆ; ಕೆಲವರು ವಿಶ್ವಾಸ ಮಂಕಾಯಿತೆಂದು ಪಿಸುಗುಟ್ಟುವುದೂ ಉಂಟು. ಕೇಳಿಸುವುದಿಲ್ಲ ಎಂಬ ಕಾರಣ ಕೊನೆಗೆ ಹೊಳೆಯುತ್ತದೆ, ಏಕೆಂದರೆ ಹಾಗೆಂದು ಆ ಹಿರಿಯರೇ ಬಾಯಿಬಿಟ್ಟು ಹೇಳಿರುವುದಿಲ್ಲ. ಇಲ್ಲಿ ದಾಖಲಿಸುತ್ತಿರುವುದು ದಕ್ಷಿಣ ಕನ್ನಡದ ಒಂದು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯಲ್ಲಿ ನಡೆದ ಅಂತಹ ಒಂದು ಪ್ರಕರಣ. ಶ್ರವಣ ಪರೀಕ್ಷೆ ನನ್ನ ವೃತ್ತಿ. ಅದೇ ಸಭೆಯ ಸದಸ್ಯತ್ವವೂ ನನಗಿರುವುದರಿಂದ ಈ ಪ್ರಕರಣವನ್ನು ಪರೀಕ್ಷಾ ಕೊಠಡಿಯಿಂದಲೂ ದೇವಾಲಯದ ಬೆಂಚಿನಿಂದಲೂ ನೋಡಲು ಸಾಧ್ಯವಾಯಿತು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆಯ ಪರಂಪರೆಯಿಂದ ಬಂದ ಸಭೆಗಳಲ್ಲಿ ಆರಾಧನೆಯ ಬಹುಪಾಲು ಕಿವಿಯ ಮೂಲಕವೇ ನಡೆಯುತ್ತದೆ. ವೇದಪಾಠ (ಬೈಬಲ್ ವಾಚನ), ಪ್ರಸಂಗ (ಸಭಾಪಾಲಕರ ಉಪದೇಶ), ಪ್ರಾರ್ಥನೆ, ಪ್ರಕಟಣೆ, ನಾಲ್ಕು ಸ್ವರಗಳಲ್ಲಿ ಹಾಡುವ ಸಂಗೀತಗಳು (ಭಕ್ತಿಗೀತೆಗಳು), ಎಲ್ಲವೂ ಶಬ್ದವೇ. ಕಣ್ಣಿಗೆ ಕಾಣುವ ವಿಧಿಗಳು ಹೆಚ್ಚಿರುವ ಕಡೆ ಕೇಳಿಸದವರೂ ಆರಾಧನೆಯ ಯಾವ ಹಂತ ನಡೆಯುತ್ತಿದೆ ಎಂಬುದನ್ನು ನೋಡಿ ತಿಳಿಯಬಹುದು; ಇಲ್ಲಿಯಾದರೋ ಪ್ರಸಂಗ ಕೇಳಿಸದಿದ್ದರೆ ಇಪ್ಪತ್ತೈದು ನಿಮಿಷ ಒಬ್ಬ ವ್ಯಕ್ತಿ ಕೈಯಾಡಿಸುವುದನ್ನು ನೋಡುತ್ತ ಕುಳಿತಿರಬೇಕಾಗುತ್ತದೆ. ಪ್ರಕರಣದ ತೀವ್ರತೆಯನ್ನು ಅರಿಯಲು ಈ ಹಿನ್ನೆಲೆ ಅಗತ್ಯ.

ಪ್ರಕರಣದ ಕೇಂದ್ರದಲ್ಲಿರುವವರು ಎಪ್ಪತ್ತು ದಾಟಿದ ನಿವೃತ್ತ ಗಣಿತ ಶಿಕ್ಷಕರು. ಸಭೆಯಲ್ಲಿ ಎಲ್ಲರೂ ಅವರನ್ನು ‘ಮಾಸ್ಟ್ರು’ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಗಾಯನ ಮಂಡಳಿಯಲ್ಲಿ ದಶಕಗಳ ಕಾಲ ಬೇಸ್ (ಅತಿ ತಗ್ಗಿನ) ಸ್ವರ ಹಾಡಿದವರು. ವೇದಪಾಠ ಓದುವ ಸರದಿ ಅವರದಾದರೆ ಹಿಂದಿನ ದಿನವೇ ಮನೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ ಬರುವವರು. ಅವರು ದೂರ ಸರಿದದ್ದು ಹಂತಹಂತವಾಗಿ. ಮೊದಲು ಮಂಡಳಿಯ ಅಭ್ಯಾಸಕ್ಕೆ ಬರುವುದನ್ನು ಬಿಟ್ಟರು. ಆಮೇಲೆ ವೇದಪಾಠದ ಪಟ್ಟಿಯಿಂದ ಹೆಸರು ತೆಗೆಸಿದರು. ಮುಂದಿನಿಂದ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದವರು ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಹೋದರು. ಬಳಿಕ ಪ್ರಭು ಭೋಜನವಿರುವ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರವಿರುವ) ಭಾನುವಾರಗಳಲ್ಲಿ ಮಾತ್ರ ಕಾಣಿಸಿಕೊಂಡರು. ಆರಾಧನೆ ಮುಗಿದ ಮೇಲೆ ಪೋರ್ಟಿಕೋದಲ್ಲಿ ಮಾತನಾಡಿಸಿದರೆ ಉತ್ತರಿಸದೆ ನಡೆದುಬಿಡುತ್ತಿದ್ದ ಕಾರಣ ಅವರಿಗೆ ಸಮಿತಿಯ ಮೇಲೆ ಏನೋ ಮುನಿಸಿದೆ ಎಂಬ ಮಾತೂ ಹರಡಿತು. ಪ್ರಕಟಣೆಗಳನ್ನು ಮನೆಗೆ ಹೋದ ಮೇಲೆ ಮತ್ತೊಮ್ಮೆ ಹೇಳಿ ಹೇಳಿ ಅವರ ಪತ್ನಿಗೂ ಸಾಕಾಗಿತ್ತು.

ವಿಷಯ ಹೊರಬಂದದ್ದು ಸಭಾಪಾಲಕರ (ಪಾದ್ರಿಗಳ) ಮನೆ ಭೇಟಿಯಲ್ಲಿ. ಅವರು ಇತರರ ಎದುರಿನಲ್ಲಿ ಕೇಳಲಿಲ್ಲ. ಒಬ್ಬರೇ ಹೋಗಿ, ಎದುರುಬದುರು ಕುಳಿತು, ನಿಧಾನವಾಗಿ ಕೇಳಿದರು. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಕಿವುಡನನ್ನು ಗುಣಪಡಿಸುವ ಮುನ್ನ ಯೇಸು ಅವನನ್ನು ಜನರ ಗುಂಪಿನಿಂದ ಆಚೆಗೆ ಕರೆದೊಯ್ದನೆಂದು ಇದೆ. ಆ ಕ್ರಮದ ಬೆಲೆ ಎಷ್ಟೆಂಬುದು ಶ್ರವಣ ಪರೀಕ್ಷೆಗೆ ಬರುವವರ ಮುಖ ನೋಡಿದವರಿಗೆ ಗೊತ್ತು. ಮಾಸ್ಟ್ರು ಹೇಳಿದ್ದು ಇಷ್ಟು: “ಅಯ್ಯನವರೇ, ನಿಮ್ಮ ಸ್ವರ ಕೇಳ್ತದೆ, ಮಾತು ಕೇಳುವುದಿಲ್ಲ.” ವಯೋಸಹಜ ಶ್ರವಣದೋಷದ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ.

ಕಿವಿ, ಮೂಗು, ಗಂಟಲು ತಜ್ಞರು ಮೊದಲು ಗುಗ್ಗೆ ತೆಗೆದು, ಕಿವಿಯ ತಮಟೆ ಮತ್ತು ಮಧ್ಯಕಿವಿಯಲ್ಲಿ ತೊಂದರೆ ಇಲ್ಲವೆಂದು ಖಚಿತಪಡಿಸಿದರು. ಬೇರೆ ಬೇರೆ ಆವರ್ತನಗಳಲ್ಲಿ ಕೇಳಿಸುವ ಅತಿ ಮೆಲ್ಲನೆಯ ಶಬ್ದದ ಮಟ್ಟವನ್ನು ಅಳೆಯುವ ಶುದ್ಧಸ್ವರ ಪರೀಕ್ಷೆಯಲ್ಲಿ (ಅಂಕಿ ಹೆಚ್ಚಿದಷ್ಟೂ ದೋಷ ಹೆಚ್ಚು) ಎರಡೂ ಕಿವಿಗಳ ಫಲಿತಾಂಶ ಹೆಚ್ಚು ಕಡಿಮೆ ಒಂದೇ ಬಂತು: 500 ಹರ್ಟ್ಸ್‌ನಲ್ಲಿ 30 ಡೆಸಿಬೆಲ್, 1000ದಲ್ಲಿ 40, 2000ದಲ್ಲಿ 55, 4000ದಲ್ಲಿ 70. ಈ ನಾಲ್ಕರ ಸರಾಸರಿ ಸುಮಾರು 49 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ 35ರಿಂದ 50ರ ಒಳಗಿರುವುದು ಮಧ್ಯಮ ಪ್ರಮಾಣದ ದೋಷ. ನಿಶ್ಶಬ್ದ ಕೊಠಡಿಯಲ್ಲಿ ಹಿತವಾದ ಮಟ್ಟದಲ್ಲಿ ಕನ್ನಡ ಪದಗಳನ್ನು ಕೇಳಿಸಿದಾಗ ಅವರು ಹೆಚ್ಚಿನ ಪದಗಳನ್ನು ಸರಿಯಾಗಿ ಹೇಳಿದರು. ಹಿನ್ನೆಲೆಗೆ ಗದ್ದಲ ಸೇರಿಸಿದೊಡನೆ ತಪ್ಪುಗಳು ಹೆಚ್ಚಾದವು.

ಈ ಅಂಕಿಗಳ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ವರಾಕ್ಷರಗಳ ಶಕ್ತಿ ತಗ್ಗಿನ ಆವರ್ತನಗಳಲ್ಲಿದ್ದರೆ, ಮಾತಿಗೆ ಸ್ಪಷ್ಟತೆ ಕೊಡುವ ಸ, ಶ, ಚ, ತ, ಕ, ಪ ಮೊದಲಾದ ವ್ಯಂಜನಗಳ ಗುರುತು ಬಹುಮಟ್ಟಿಗೆ 2000 ಹರ್ಟ್ಸ್‌ಗಿಂತ ಮೇಲಿದೆ, ಮತ್ತು ಅವು ಹುಟ್ಟುವಾಗಲೇ ದುರ್ಬಲ. ಮಾಸ್ಟ್ರ ಕಿವಿಗೆ ತಗ್ಗಿನ ಸ್ವರಗಳು ಸಾಕಷ್ಟು ತಲುಪುತ್ತವೆ, ಹಾಗಾಗಿ ಯಾರೋ ಮಾತನಾಡುತ್ತಿದ್ದಾರೆ ಎಂಬುದು ಸ್ಪಷ್ಟ. ಆದರೆ ಪ್ರಸಂಗದಲ್ಲಿ ಬಂದದ್ದು ‘ಭಕ್ತಿ’ಯೋ ‘ಶಕ್ತಿ’ಯೋ ಎಂಬುದನ್ನು ಅವರು ಸಂದರ್ಭದಿಂದ ಊಹಿಸಬೇಕು. ಸಂಗೀತದ ಸಂಖ್ಯೆಯನ್ನು ಊಹಿಸಲು ಸಂದರ್ಭವೂ ನೆರವಾಗದು. ‘ಎಪ್ಪತ್ತೇಳು’ ಮತ್ತು ‘ಎಂಬತ್ತೇಳು’ ಕಿವಿಗೆ ಒಂದೇ ಥರ ಕೇಳುವುದು ಮಾತ್ರವಲ್ಲ, ಪ, ಬ, ಮ ಮೂರೂ ತುಟಿ ಮುಚ್ಚಿ ಆಡುವ ಅಕ್ಷರಗಳಾದ್ದರಿಂದ ತುಟಿ ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಅವರು ತಪ್ಪು ಪುಟ ತೆರೆದು, ಮೊದಲ ಸಾಲನ್ನು ತಮ್ಮ ದೊಡ್ಡ ಸ್ವರದಲ್ಲಿ ಹಾಡಿಬಿಟ್ಟ ಒಂದು ಭಾನುವಾರ ಮಂಡಳಿಯ ಕಿರಿಯರು ನಕ್ಕಿದ್ದರು. ಮಂಡಳಿ ಬಿಟ್ಟದ್ದು ಅದರ ನಂತರವೇ.

ಕಾನೂನಿನ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಂತೆ ಮಂದಶ್ರವಣ ಎಂದು ಪರಿಗಣಿಸಲು ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 60ರಿಂದ 70 ಡೆಸಿಬೆಲ್‌ನಷ್ಟು ದೋಷವಿರಬೇಕು. ಮಾಸ್ಟ್ರಂಥವರು ಆ ಗೆರೆಯ ಈಚೆಗೆ ಉಳಿಯುತ್ತಾರೆ. ಅವರಿಗೆ ಗುರುತಿನ ಚೀಟಿಯೂ ಇಲ್ಲ, ಅದರ ಆಧಾರದ ಸವಲತ್ತೂ ಇಲ್ಲ; ಹಾಗಿದ್ದೂ ದೊಡ್ಡ ಸಭಾಂಗಣದಲ್ಲಿ ಅವರು ಕಳೆದುಕೊಳ್ಳುವುದು ಕಡಿಮೆಯೇನಲ್ಲ. ಸಭೆಗಳು ಈ ಗುಂಪನ್ನೇ ಹೆಚ್ಚು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೇರೆ ಯಾರ ಪಟ್ಟಿಯಲ್ಲಿಯೂ ಇವರ ಹೆಸರಿರುವುದಿಲ್ಲ.

ಸುದ್ದಿ ತಿಳಿದ ಕೂಡಲೇ ಸಭೆಯವರು ಮನಃಪೂರ್ವಕವಾಗಿಯೇ ಎರಡು ಪರಿಹಾರ ಸೂಚಿಸಿದರು. ಮೊದಲನೆಯದು ಶ್ರವಣಯಂತ್ರ. ಅದು ಮಾಸ್ಟ್ರ ಬಳಿ ಆಗಲೇ ಇತ್ತು. ಮಗ ಕೊಡಿಸಿದ, ಕಿವಿಯ ಹಿಂದೆ ಇರಿಸುವ ಒಂದು ಜೊತೆ ಯಂತ್ರಗಳು ಕಪಾಟಿನ ಖಾನೆಯಲ್ಲಿದ್ದವು. ಮನೆಯಲ್ಲಿ, ಒಂದೆರಡು ಮೀಟರ್ ದೂರದ ಮಾತಿಗೆ ಅವು ಉಪಯೋಗಕ್ಕೆ ಬರುತ್ತಿದ್ದವು. ದೇವಾಲಯದಲ್ಲಿ ಹಾಕಿಕೊಂಡರೆ ಫ್ಯಾನಿನ ಸದ್ದು, ಪಕ್ಕದವರ ಕೆಮ್ಮು, ಕೀಬೋರ್ಡು, ಮಕ್ಕಳ ಚಪ್ಪಲಿ ಸದ್ದು ಎಲ್ಲವೂ ಪ್ರಸಂಗದ ಜೊತೆಗೆ ದೊಡ್ಡದಾಗಿ ಬರುತ್ತಿದ್ದವು. ಎರಡನೆಯ ಪರಿಹಾರ ಧ್ವನಿವರ್ಧಕದ ವಾಲ್ಯೂಮ್ ಹೆಚ್ಚಿಸುವುದು. ಹಾಗೆ ಮಾಡಿದ ಭಾನುವಾರ ಮಾಸ್ಟ್ರು ಪ್ರಸಂಗದ ಅರ್ಧಕ್ಕೇ ಎದ್ದು ಹೊರನಡೆದರು. ಒಳಕಿವಿಯ ರೋಮಕೋಶಗಳು ಹಾಳಾದಾಗ ಸಣ್ಣ ಶಬ್ದ ಕೇಳಿಸದೆ ಹೋಗುವುದರ ಜೊತೆಗೆ ದೊಡ್ಡ ಶಬ್ದ ಬೇಗನೆ ಅಸಹನೀಯವಾಗುತ್ತದೆ; ಕೇಳಿಸುವ ಮಟ್ಟಕ್ಕೂ ನೋಯಿಸುವ ಮಟ್ಟಕ್ಕೂ ನಡುವಿನ ಅಂತರ ಕಿರಿದಾಗಿರುತ್ತದೆ. ಕಿವಿ ಮಂದವಾದವರಿಗೆ ಕಿರುಚಿ ಹೇಳಿದರೆ ಅವರು ಮುಖ ಸಿಂಡರಿಸುವುದು ಇದೇ ಕಾರಣಕ್ಕೆ.

ಪ್ರಕರಣಕ್ಕೆ ತಿರುವು ಕೊಟ್ಟದ್ದು ಒಂದು ಆಕಸ್ಮಿಕ ಸಂಗತಿ. ಕೋವಿಡ್ ಕಾಲದಲ್ಲಿ ಆರಂಭಿಸಿದ ಯೂಟ್ಯೂಬ್ ನೇರ ಪ್ರಸಾರವನ್ನು ಸಭೆ ಮುಂದುವರಿಸಿಕೊಂಡು ಬಂದಿತ್ತು. ದೇವಾಲಯಕ್ಕೆ ಬಾರದ ಭಾನುವಾರಗಳಲ್ಲಿ ಮಾಸ್ಟ್ರು ಮೊಬೈಲಿಗೆ ಇಯರ್‌ಫೋನ್ ಚುಚ್ಚಿ ಅದೇ ಪ್ರಸಂಗವನ್ನು ಕೇಳುತ್ತಿದ್ದರು, ಮತ್ತು ಬಹುಪಾಲು ಅರ್ಥವಾಗುತ್ತಿತ್ತು. ಅದೇ ಕಿವಿ, ಅದೇ ಧ್ವನಿ, ಅದೇ ಮೈಕು. ವ್ಯತ್ಯಾಸ ಒಂದೇ: ಪ್ರಸಾರಕ್ಕೆ ಹೋಗುವ ಧ್ವನಿ ಮೈಕಿನಿಂದ ನೇರವಾಗಿ ಹೋಗುತ್ತದೆ, ದೇವಾಲಯದ ಗಾಳಿಯನ್ನು ದಾಟಿ ಬರುವುದಿಲ್ಲ. ಹಾಗಾದರೆ ಕೊರತೆಯ ಒಂದು ಭಾಗ ಅವರ ಕಿವಿಯದು, ಇನ್ನೊಂದು ಭಾಗ ನಮ್ಮ ಕಟ್ಟಡದ್ದು. ಸಮಿತಿಯ ಸಭೆಯಲ್ಲಿ ಈ ಮಾತು ಬಂದ ಮೇಲೆ ಚರ್ಚೆಯ ದಿಕ್ಕೇ ಬದಲಾಯಿತು.

ಕಟ್ಟಡ ಹಳೆಯದು. ಕಲ್ಲಿನ ಗೋಡೆಗೆ ಗಾರೆ, ಮೇಲೆ ಮಂಗಳೂರು ಹೆಂಚು, ಅದರ ಕೆಳಗೆ ಮರದ ಹಲಗೆಗಳ ಸೀಲಿಂಗ್, ನೆಲಕ್ಕೆ ಇತ್ತೀಚೆಗೆ ಹಾಸಿದ ಗ್ರಾನೈಟ್. ಸುಮಾರು 24 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ 8 ಮೀಟರ್ ಎತ್ತರ, ಅಂದರೆ 2300 ಘನ ಮೀಟರಿನಷ್ಟು ಗಾಳಿ. ಖಾಲಿ ದೇವಾಲಯದಲ್ಲಿ ಬಲೂನು ಒಡೆದು ಮೊಬೈಲ್ ಆ್ಯಪಿನಿಂದ ಅಳೆದಾಗ ಶಬ್ದ 60 ಡೆಸಿಬೆಲ್ ಕುಗ್ಗಲು, ಅಂದರೆ ಅನುರಣನ (ಗೋಡೆ, ನೆಲಗಳಿಗೆ ಬಡಿದು ಮರಳಿ ಬರುತ್ತ ಉಳಿಯುವ ಶಬ್ದ) ಅಡಗಲು, ಸುಮಾರು 2.8 ಸೆಕೆಂಡು ಹಿಡಿಯಿತು. ಮಾತು ಸ್ಪಷ್ಟವಾಗಿ ಕೇಳಬೇಕಾದ ಕೋಣೆಯಲ್ಲಿ ಅದು ಒಂದು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅನುರಣನದಲ್ಲಿ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ದೀರ್ಘ ಸ್ವರದ ಬಾಲ ಜೋರಾದದ್ದು, ಅದರ ಹಿಂದೆ ಬರುವ ‘ತ’ಕಾರ, ‘ಸ’ಕಾರಗಳು ಮೆದುವಾದವು. ಆರೋಗ್ಯವಂತ ಕಿವಿ ಎರಡನ್ನೂ ಬೇರ್ಪಡಿಸಿಕೊಳ್ಳುತ್ತದೆ. ಮಾಸ್ಟ್ರ ಕಿವಿಗೆ ಅದು ಸಾಧ್ಯವಿಲ್ಲ, ಶ್ರವಣಯಂತ್ರವೋ ಅಕ್ಷರವನ್ನೂ ಬಾಲವನ್ನೂ ಒಂದೇ ಸಮನೆ ದೊಡ್ಡದು ಮಾಡುತ್ತದೆ.

ದೂರದ ಲೆಕ್ಕವೂ ಅಷ್ಟೇ ಮುಖ್ಯ. ಬಯಲಿನಲ್ಲಿ ಮಾತನಾಡುವವರಿಂದ ದೂರ ಇಮ್ಮಡಿಯಾದಾಗಲೆಲ್ಲ ನೇರ ಶಬ್ದ 6 ಡೆಸಿಬೆಲ್ ಕುಗ್ಗುತ್ತದೆ. ಅನುರಣನವಾದರೋ ಕೋಣೆಯ ತುಂಬ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಹರಡಿರುತ್ತದೆ. ಈ ಗಾತ್ರದ ಕಟ್ಟಡದಲ್ಲಿ ಮೈಕಿಲ್ಲದೆ ಮಾತನಾಡಿದರೆ ಸುಮಾರು 3 ಮೀಟರಿನ ಆಚೆಗೆ ನೇರ ಧ್ವನಿಗಿಂತ ಅನುರಣನವೇ ಮೇಲುಗೈ ಪಡೆಯುತ್ತದೆ. ವೇದಿಕೆಯ ಎರಡು ಬದಿಗೆ ಎತ್ತರದಲ್ಲಿ ತೂಗುಹಾಕಿದ್ದ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಆ ಗಡಿಯನ್ನು ಇನ್ನೊಂದಿಷ್ಟು ಹಿಂದಕ್ಕೆ ದೂಡುತ್ತಿದ್ದವೇ ಹೊರತು ಕೊನೆಯ ಬೆಂಚಿನವರೆಗೆ ಅಲ್ಲ. ವಾಲ್ಯೂಮ್ ಹೆಚ್ಚಿಸಿದರೆ ನೇರ ಧ್ವನಿ ಎಷ್ಟು ಏರುತ್ತದೆಯೋ ಅನುರಣನವೂ ಅಷ್ಟೇ ಏರುತ್ತದೆ. ಆದ್ದರಿಂದಲೇ ಆ ಪ್ರಯತ್ನ ಫಲ ಕೊಡಲಿಲ್ಲ.

ಮಾಸ್ಟ್ರು ಒಂದಷ್ಟು ಕಾಲ ಬೆಳಗಿನ ಮೊದಲ ಆರಾಧನೆಗೆ ಬಂದು ನೋಡಿದ್ದರು. ಅದರಲ್ಲಿ ಡ್ರಮ್ ಇಲ್ಲ, ಜನ ಕಡಿಮೆ, ಗದ್ದಲವಿಲ್ಲ, ಚೆನ್ನಾಗಿ ಕೇಳಬೇಕಿತ್ತು. ಆದರೆ ಅಲ್ಲಿ ಇನ್ನೂ ಕಡಿಮೆ ಕೇಳಿಸುತ್ತಿತ್ತು. ಇದನ್ನು ಅವರು ತಮ್ಮ ಕಿವಿ ಮತ್ತಷ್ಟು ಕೆಟ್ಟಿತೆಂದು ಅರ್ಥಮಾಡಿಕೊಂಡು ಕುಗ್ಗಿದ್ದರು. ನಿಜವಾದ ಕಾರಣ ಜನರು ಕಡಿಮೆ ಇದ್ದದ್ದೇ. ಮನುಷ್ಯದೇಹ ಮತ್ತು ಬಟ್ಟೆ ಶಬ್ದವನ್ನು ಹೀರುತ್ತವೆ. ಕೋಣೆಯ ಗಾತ್ರ ಮತ್ತು ಒಟ್ಟು ಹೀರಿಕೆಯಿಂದ ಅನುರಣನದ ಅವಧಿಯನ್ನು ಲೆಕ್ಕಹಾಕುವ ಸೂತ್ರದ ಪ್ರಕಾರ, ಇದೇ ದೇವಾಲಯದಲ್ಲಿ ಇನ್ನೂರು ಜನರಿದ್ದರೆ ಅವಧಿ ಸುಮಾರು 1.7 ಸೆಕೆಂಡಿಗೆ ಇಳಿಯುತ್ತದೆ, ನಲವತ್ತು ಜನರಿದ್ದರೆ 2.5ರಲ್ಲಿಯೇ ಉಳಿಯುತ್ತದೆ. ನಿವೃತ್ತ ಗಣಿತ ಶಿಕ್ಷಕರಿಗೆ ಈ ಸೂತ್ರವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರೇ ಪೆನ್ನು ತೆಗೆದುಕೊಂಡು, ಬೇರೆ ಬೇರೆ ಜನಸಂಖ್ಯೆಗೆ ಲೆಕ್ಕ ಮಾಡಿ ನೋಡಿದರು. ಆ ದಿನದಿಂದ ಅವರು ಇದನ್ನು ತಮ್ಮ ವೈಯಕ್ತಿಕ ಕೊರತೆಯೆಂದು ಮಾತ್ರ ನೋಡುವುದನ್ನು ಬಿಟ್ಟರು. ಚಿಕಿತ್ಸೆಯ ದೃಷ್ಟಿಯಿಂದ ಯಂತ್ರದ ಹೊಂದಾಣಿಕೆಗಿಂತ ಇದು ದೊಡ್ಡ ಪ್ರಗತಿ ಎಂದು ನಾನು ಗುರುತು ಹಾಕಿಕೊಂಡಿದ್ದೇನೆ.

ಈ ಸೂತ್ರವನ್ನು ರೂಪಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಕ್ಲೆಮೆಂಟ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುವುದಿಲ್ಲವೆಂಬ ದೂರು ಬಂದಾಗ ಅವರು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು, ಅವುಗಳ ಸಂಖ್ಯೆ ಹೆಚ್ಚಿಸುತ್ತ ಅನುರಣನವನ್ನು ಅಳೆದರು. ನಮ್ಮ ಸಭೆ ಕೈಗೊಂಡ ಮೊದಲ ಕೆಲಸವೂ ಮೆತ್ತೆಯದೇ. ಬೆಂಚು ತುಂಬಿದ್ದಾಗ ಮೆತ್ತೆಯ ಮೇಲೆ ಜನ ಕೂರುವುದರಿಂದ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಖಾಲಿ ಬೆಂಚಿನ ಮೇಲಿನ ಮೆತ್ತೆ ಮಾತ್ರ ಬಾರದ ಜನರ ಪಾಲಿನ ಕೆಲಸವನ್ನು ಒಂದಿಷ್ಟು ಮಾಡುತ್ತದೆ. ಸ್ತ್ರೀಯರ ಅನ್ಯೋನ್ಯ ಕೂಟದವರು ಫೋಮಿಗೆ ಹತ್ತಿಬಟ್ಟೆಯ ಗವಸು ಹೊಲಿದು, ಕರಾವಳಿಯ ಮಳೆಗಾಲದಲ್ಲಿ ಬೂಸಲು ಹಿಡಿಯದಂತೆ ಗವಸು ತೆಗೆದು ಒಗೆಯುವ ವ್ಯವಸ್ಥೆಯನ್ನೂ ಮಾಡಿದರು. ಬೆಳಗಿನ ಆರಾಧನೆಯಲ್ಲಿ ವ್ಯತ್ಯಾಸ ಕಿವಿ ಚೆನ್ನಾಗಿರುವವರಿಗೂ ತಿಳಿಯಿತು.

ಧ್ವನಿವರ್ಧಕದ ಕೆಲಸ ಹೆಚ್ಚು ವಾದಕ್ಕೆ ಕಾರಣವಾಯಿತು. ಮುಂದಿನ ದೊಡ್ಡ ಪೆಟ್ಟಿಗೆಗಳ ಮಟ್ಟ ತಗ್ಗಿಸಿ, ಬದಿಯ ಗೋಡೆಗಳ ಅರ್ಧ ಭಾಗದಲ್ಲಿ ಕಿವಿಯ ಎತ್ತರಕ್ಕೆ ಗುರಿಯಿಟ್ಟ ಎರಡು ಸಪೂರ ಕಾಲಂ ಸ್ಪೀಕರುಗಳನ್ನು ಅಳವಡಿಸಲಾಯಿತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ವೇದಿಕೆಯಿಂದ 12 ಮೀಟರ್ ದೂರದ ಸ್ಪೀಕರಿಗೆ ಧ್ವನಿಯನ್ನು ಸುಮಾರು 35 ಮಿಲಿಸೆಕೆಂಡು ತಡಮಾಡಿ ಕಳಿಸಬೇಕು. ಇಲ್ಲದಿದ್ದರೆ ಮುಂದಿನ ಮತ್ತು ಬದಿಯ ಧ್ವನಿಗಳು ಬೇರೆ ಬೇರೆ ಹೊತ್ತಿಗೆ ತಲುಪಿ ಮಾತನ್ನು ಇನ್ನಷ್ಟು ಕೆಡಿಸುತ್ತವೆ. ಪ್ರಸಂಗದ ಮೈಕಿನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ಗುಡುವ ಭಾಗವನ್ನು ಕತ್ತರಿಸಲಾಯಿತು. ಪ್ರಸಂಗದ ವೇಳೆ ಗಾಯನ ಮಂಡಳಿಯ ಮೈಕುಗಳನ್ನು ಮುಚ್ಚಬೇಕೆಂಬ ನಿಯಮ ಬಂತು. ಇದು ಖರ್ಚಿಲ್ಲದ ಕೆಲಸ, ಆದರೆ ಇದರಿಂದಾದ ಲಾಭ ಸಣ್ಣದಲ್ಲ.

ಬೆಳಕನ್ನು ಯಾರೂ ಯೋಚಿಸಿರಲಿಲ್ಲ. ಪ್ರಸಂಗ ವೇದಿಕೆಯ ಹಿಂದೆ ಪೂರ್ವದ ಕಿಟಕಿ ಇದ್ದುದರಿಂದ ಬೆಳಗಿನ ಹೊತ್ತು ಸಭಾಪಾಲಕರ ಮುಖ ಕಪ್ಪು ಆಕೃತಿಯಾಗಿ ಕಾಣುತ್ತಿತ್ತು. ಸಾಲದೆಂಬಂತೆ ಕೈಯಲ್ಲಿ ಹಿಡಿದ ಮೈಕು ಬಾಯಿಗೆ ಅಡ್ಡ ಬರುತ್ತಿತ್ತು. ಕೇಳಿಸದವರು ಅರಿವಿಲ್ಲದೆಯೇ ತುಟಿ ಓದುತ್ತಾರೆ. ತುಟಿಯಿಂದ ಎಲ್ಲ ಅಕ್ಷರಗಳೂ ತಿಳಿಯವು, ಆದರೆ ಅರ್ಧ ಕೇಳಿಸಿದ ಮಾತನ್ನು ಪೂರ್ತಿ ಮಾಡಿಕೊಳ್ಳಲು ಅದು ದೊಡ್ಡ ಆಸರೆ. ಕಿಟಕಿಗೆ ಪರದೆ, ಎದುರಿನಿಂದ ಒಂದು ದೀಪ, ಕೆನ್ನೆಯ ಬದಿಗೆ ನಿಲ್ಲುವ ಹೆಡ್‌ಸೆಟ್ ಮೈಕು: ಇಷ್ಟರಿಂದ ಮುಂದಿನ ಬೆಂಚುಗಳ ಹಿರಿಯರಿಗೆಲ್ಲ ಅನುಕೂಲವಾಯಿತು.

ಇಷ್ಟಾದರೂ ಮಾಸ್ಟ್ರಿಗೆ ಪ್ರಸಂಗ ಮನೆಯಲ್ಲಿ ಕೇಳಿದಷ್ಟು ಸ್ಪಷ್ಟವಾಗಿರಲಿಲ್ಲ. ದೇವಾಲಯದಲ್ಲಿಯೇ ಮೊಬೈಲಿನಲ್ಲಿ ನೇರ ಪ್ರಸಾರ ಕೇಳಬಹುದಲ್ಲ ಎಂದು ಯುವಜನರು ಕೇಳಿದರು. ಆ ಪ್ರಸಾರ ಹಲವು ಸೆಕೆಂಡು ತಡವಾಗಿ ಬರುತ್ತದೆ. ಎಲ್ಲರೂ ಆಮೆನ್ ಹೇಳಿ ಕುಳಿತ ಮೇಲೆ ಒಬ್ಬರಿಗೆ ಪ್ರಾರ್ಥನೆ ಮುಗಿಯುತ್ತದೆ. ಹೀಗಾಗಿ ಸಮಿತಿ ಇಂಡಕ್ಷನ್ ಲೂಪಿಗೆ ಬಂದು ನಿಂತಿತು. ಬ್ರಿಟನ್ನಿನಲ್ಲಿ 1937ರಲ್ಲಿ ಜೋಸೆಫ್ ಪೊಲಿಯಾಕಾಫ್ ಪೇಟೆಂಟ್ ಪಡೆದ ಈ ತಂತ್ರ ಇಂದಿಗೂ ಅಲ್ಲಿನ ಅನೇಕ ಚರ್ಚುಗಳಲ್ಲಿ ಬಳಕೆಯಲ್ಲಿದೆ. ಮೈಕಿನ ಸಂಕೇತವನ್ನು ಒಂದು ಆಂಪ್ಲಿಫೈಯರ್ ಬೆಂಚುಗಳ ಸುತ್ತ ಹಾಸಿದ ತಂತಿಗೆ ವಿದ್ಯುತ್ ಪ್ರವಾಹವಾಗಿ ಕಳಿಸುತ್ತದೆ. ತಂತಿಯ ಒಳಗಿನ ಜಾಗದಲ್ಲಿ ಮಾತಿಗೆ ತಕ್ಕಂತೆ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಶ್ರವಣಯಂತ್ರದೊಳಗಿನ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಅದನ್ನು ಹಿಡಿದು ಮತ್ತೆ ಶಬ್ದವಾಗಿಸುತ್ತದೆ. ಯಂತ್ರದ ಮೈಕು ಮುಚ್ಚಿರುವುದರಿಂದ ಫ್ಯಾನೂ ಇಲ್ಲ, ಅನುರಣನವೂ ಇಲ್ಲ. ಸಭಾಪಾಲಕರ ಬಾಯಿಯಿಂದ ಮೈಕಿಗಿರುವ ಗೇಣುದ್ದವೇ ಅವರಿಗೂ ಕೇಳುಗರಿಗೂ ಇರುವ ದೂರವಾಗುತ್ತದೆ.

ಮಾಸ್ಟ್ರ ಯಂತ್ರದಲ್ಲಿ ಟೆಲಿಕಾಯಿಲ್ ಮೊದಲಿನಿಂದಲೂ ಇತ್ತು. ಮಾರಿದವರು ಅದನ್ನು ಚಾಲನೆ ಮಾಡಿರಲಿಲ್ಲ, ಇದೆಯೆಂದು ಹೇಳಿಯೂ ಇರಲಿಲ್ಲ. ಹೊಸದಾಗಿ ಯಂತ್ರ ಕೊಳ್ಳುವವರು ಇದನ್ನು ಕೇಳಿ ತಿಳಿಯಲೇಬೇಕು, ಏಕೆಂದರೆ ಕಿವಿಯ ನಾಳದೊಳಗೆ ಅಡಗುವ ತೀರ ಸಣ್ಣ ಯಂತ್ರಗಳಲ್ಲಿ ಸುರುಳಿಗೆ ಜಾಗವೇ ಇರುವುದಿಲ್ಲ, ಚಾರ್ಜ್ ಮಾಡುವ ಹಲವು ಮಾದರಿಗಳಲ್ಲಿಯೂ ಅದನ್ನು ಕೈಬಿಟ್ಟಿರುತ್ತಾರೆ. ಯಂತ್ರವೇ ಇಲ್ಲದವರಿಗಾಗಿ ಹೆಡ್‌ಫೋನ್ ಸಿಕ್ಕಿಸುವ ಕೆಲವು ಲೂಪ್ ರಿಸೀವರುಗಳನ್ನು ತರಿಸಲಾಯಿತು.

ಅಳವಡಿಕೆಯಲ್ಲಿ ಎರಡು ತೊಡಕು ಬಂದವು. ಲೂಪಿನ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60118-4, ಮಾತಿನ ಶಿಖರಗಳಲ್ಲಿ ಕ್ಷೇತ್ರದ ಬಲ ಮೀಟರಿಗೆ 400 ಮಿಲಿಆಂಪಿಯರ್ ತಲುಪಬೇಕೆಂದೂ ಹಿನ್ನೆಲೆಯ ಕಾಂತೀಯ ಗದ್ದಲ ಅದಕ್ಕಿಂತ ಬಹಳ ಕೆಳಗಿರಬೇಕೆಂದೂ ಹೇಳುತ್ತದೆ. ಮುಖ್ಯ ಸ್ವಿಚ್ ಬೋರ್ಡಿನ ಬಳಿಯ ಬೆಂಚುಗಳಲ್ಲಿ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ ಎಂಬ ಸದ್ದು ಮಾತನ್ನೇ ಮುಚ್ಚುವಷ್ಟಿತ್ತು. ಹಳೆಯ ವೈರಿಂಗ್ ಒಂದಷ್ಟು ಬದಲಿಸಿ, ಆ ಎರಡು ಬೆಂಚುಗಳನ್ನು ಲೂಪಿನಿಂದ ಹೊರಗಿಡಬೇಕಾಯಿತು. ಎರಡನೆಯದು ತಾಂತ್ರಿಕವಲ್ಲ. ಈ ಸಭೆಯಲ್ಲಿ ಹಿರಿಯ ತಲೆಮಾರಿನ ಗಂಡಸರೂ ಹೆಂಗಸರೂ ಈಗಲೂ ಬೇರೆ ಬೇರೆ ಬದಿಗೆ ಕೂರುತ್ತಾರೆ. ಖರ್ಚು ಉಳಿಸಲು ಗಂಡಸರ ಬದಿಗೆ ಮಾತ್ರ ತಂತಿ ಹಾಸುವ ಯೋಜನೆ ಬಹುತೇಕ ಒಪ್ಪಿಗೆಯಾಗಿತ್ತು. ಆಗ ಅನ್ಯೋನ್ಯ ಕೂಟದ ಒಬ್ಬ ಹಿರಿಯ ತಾಯಿ ಎದ್ದು ನಿಂತು, ತಮಗೂ ವರ್ಷಗಳಿಂದ ಪ್ರಸಂಗ ಕೇಳಿಸುತ್ತಿಲ್ಲ, ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲ ಎಂದರು. ಅವರ ಹಿಂದೆ ಇನ್ನೂ ಕೆಲವರು ಕೈ ಎತ್ತಿದರು. ತಂತಿ ಎರಡೂ ಬದಿಗೆ ಹೋಯಿತು.

ಕಾಗದದ ನೆರವನ್ನು ಕೊನೆಗೆ ಹೇಳುತ್ತಿದ್ದರೂ ಅದನ್ನು ಮೊದಲು ಮಾಡಬೇಕಿತ್ತು. ಸಂಗೀತಗಳ ಸಂಖ್ಯೆಯನ್ನು ಸಿಕ್ಕಿಸುವ ಮರದ ಹಲಗೆ ಪ್ರೊಜೆಕ್ಟರ್ ಬಂದ ಮೇಲೆ ಗೋದಾಮು ಸೇರಿತ್ತು; ಅದನ್ನು ಒರೆಸಿ ಮತ್ತೆ ಗೋಡೆಗೆ ಹಾಕಲಾಯಿತು. ಶನಿವಾರ ಸಂಜೆಯೇ ಆರಾಧನಾ ಕ್ರಮ, ವೇದಪಾಠದ ಭಾಗಗಳು, ಪ್ರಕಟಣೆಗಳು ವಾಟ್ಸ್ಆ್ಯಪಿನಲ್ಲಿ ಬರುತ್ತವೆ, ದೊಡ್ಡ ಅಕ್ಷರದ ಕೆಲವು ಪ್ರತಿಗಳು ಬಾಗಿಲಲ್ಲಿರುತ್ತವೆ. ಸಭಾಪಾಲಕರು ಪ್ರಸಂಗವನ್ನು ಪೂರ್ತಿ ಬರೆದುಕೊಳ್ಳುವವರಲ್ಲ. ಮುಖ್ಯ ಅಂಶಗಳನ್ನೂ ಅದರಲ್ಲಿ ಬರುವ ಹೆಸರುಗಳನ್ನೂ ಮಾತ್ರ ಕೊಡಲು ಒಪ್ಪಿದರು. ಅಷ್ಟೇ ಸಾಕಾಯಿತು. ವಿಷಯ ಮೊದಲೇ ತಿಳಿದಿದ್ದರೆ ಮನಸ್ಸು ಕೇಳದ ಅಕ್ಷರಗಳನ್ನು ತುಂಬಿಕೊಳ್ಳುತ್ತದೆ, ಹುಡುಕಾಟದ ದಣಿವು ಕಡಿಮೆಯಾಗುತ್ತದೆ. ಮೊದಲೆಲ್ಲ ಆರಾಧನೆಯಿಂದ ಬಂದವರೇ ತಲೆನೋವೆಂದು ಮಲಗುತ್ತಿದ್ದ ಮಾಸ್ಟ್ರು ಈಗ ಊಟಕ್ಕೆ ಕುಳಿತು ಪ್ರಸಂಗದ ಬಗ್ಗೆ ವಾದ ಮಾಡುತ್ತಾರೆಂದು ಅವರ ಪತ್ನಿ ಹೇಳುತ್ತಾರೆ.

ಫಲಿತಾಂಶವನ್ನು ಇದ್ದಂತೆಯೇ ಹೇಳಬೇಕು. ಪ್ರಸಂಗ, ವೇದಪಾಠ, ಪ್ರಕಟಣೆಗಳು ಮಾಸ್ಟ್ರಿಗೆ ಈಗ ಚೆನ್ನಾಗಿ ಕೇಳುತ್ತವೆ. ಜುಲೈ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯುವಾಗ ಉಳಿದವರಿಗಿಂತ ಅವರಿಗೇ ಸ್ಪಷ್ಟ. ಮೂರನೆಯ ಬೆಂಚಿಗೆ ಮರಳಿದ್ದಾರೆ, ವೇದಪಾಠದ ಪಟ್ಟಿಯಲ್ಲಿ ಹೆಸರಿದೆ. ಗಾಯನ ಮಂಡಳಿಗೆ ಮಾತ್ರ ಮರಳಲಾಗಲಿಲ್ಲ. ಲೂಪಿನ ಕ್ರಮದಲ್ಲಿ ಯಂತ್ರವಿದ್ದರೆ ಸುತ್ತಲಿನವರ ಹಾಡೂ ತಮ್ಮ ಸ್ವರವೂ ಸರಿಯಾಗಿ ಕೇಳಿಸದೆ, ತುಂಬಿದ ಸಭೆಯಲ್ಲಿ ಒಬ್ಬರೇ ನಿಂತಂತೆ ಆಗುತ್ತಿತ್ತು. ಸಂಗೀತದ ಹೊತ್ತಿಗೆ ಮೈಕು ಮತ್ತು ಸುರುಳಿ ಎರಡೂ ತೆರೆದಿರುವ ಕ್ರಮವನ್ನು ಯಂತ್ರದಲ್ಲಿ ಸೇರಿಸಿದ ಮೇಲೆ ಸಭೆಯೊಂದಿಗೆ ಹಾಡುತ್ತಾರೆ. ಆದರೆ ನಾಲ್ಕು ಸ್ವರಗಳ ನಡುವೆ ತಮ್ಮ ಶ್ರುತಿಯನ್ನು ಹಿಡಿಯಲು ಬೇಕಾದ ಸೂಕ್ಷ್ಮತೆಯನ್ನು ಯಂತ್ರ ಕೊಡುತ್ತಿಲ್ಲ. ಈ ನಷ್ಟವನ್ನು ಅವರು ನುಂಗಿಕೊಂಡಿದ್ದಾರೆ, ಅದು ನಮ್ಮೆಲ್ಲರಿಗೂ ನೋವಿನ ಸಂಗತಿ.

ಪ್ರಭು ಭೋಜನದಲ್ಲಿ ಇನ್ನೊಂದು ತೊಂದರೆ ಕಂಡಿತು. ವೇದಿಕೆಯ ಕಟಕಟೆಯ ಬಳಿ ಮೊಣಕಾಲೂರುವ ಜಾಗ ಲೂಪಿನ ಹೊರಗಿದೆ, ಅಲ್ಲಿ ರೊಟ್ಟಿ ಕೊಡುವಾಗ ಹೇಳುವ ಮಾತು ಮೆಲುದನಿಯದು, ಕೇಳುವವರ ತಲೆ ಬಾಗಿರುತ್ತದೆ. ಈಗ ಸಭಾಪಾಲಕರು ಇಂಥವರ ಮುಂದೆ ಒಂದು ಕ್ಷಣ ನಿಂತು, ಅವರು ತಲೆ ಎತ್ತಿ ನೋಡಿದ ಮೇಲೆ ಹೇಳುತ್ತಾರೆ. ಇದಕ್ಕೆ ಯಂತ್ರವೂ ಬೇಕಾಗಲಿಲ್ಲ, ಹಣವೂ ಬೇಕಾಗಲಿಲ್ಲ.

ಇನ್ನೂ ಬಗೆಹರಿಯದ ಸಂಗತಿಯೆಂದರೆ ಸಭಿಕರ ಅಭ್ಯಾಸ. ಸಾಕ್ಷಿ ಹೇಳಲು, ಬಿನ್ನಹ ಸಲ್ಲಿಸಲು ನಿಂತವರಿಗೆ ಮೈಕು ಚಾಚಿದರೆ “ಬೇಡ, ನನ್ನ ಸ್ವರ ದೊಡ್ಡದುಂಟು” ಎಂದು ಕೈ ಬೀಸುತ್ತಾರೆ. ಮೈಕಿಗೆ ಬಾರದ ಮಾತು ಎಷ್ಟೇ ಗಟ್ಟಿಯಾಗಿದ್ದರೂ ಲೂಪಿಗೆ ಹೋಗುವುದಿಲ್ಲ, ಯಂತ್ರದ ಮೈಕು ಮುಚ್ಚಿಕೊಂಡವರಿಗೆ ಅದು ಪೂರ್ತಿ ಮೌನ. ಮೈಕು ಒಲ್ಲೆನೆನ್ನುವುದು ವಿನಯವಲ್ಲವೆಂದು ಪ್ರಕಟಣೆಯಲ್ಲಿ ಹೇಳಬೇಕೆಂದು ನಾನು ಸಮಿತಿಯನ್ನು ಒತ್ತಾಯಿಸುತ್ತಿದ್ದೇನೆ. ಸಮಾಧಿ ಭೂಮಿಯ ಆರಾಧನೆಗೂ ಮನೆ ಪ್ರಾರ್ಥನಾ ಕೂಟಗಳಿಗೂ ಲೂಪನ್ನು ಒಯ್ಯಲಾಗದು. ಅಲ್ಲಿ ಸಭಾಪಾಲಕರ ಅಂಗಿಗೆ ಸಿಕ್ಕಿಸುವ ಪುಟ್ಟ ನಿಸ್ತಂತು ಮೈಕು ಮತ್ತು ರಿಸೀವರುಗಳನ್ನು ಪ್ರಯತ್ನಿಸಲು ಹಣ ಎತ್ತಿಡಲಾಗಿದೆ. ಬ್ಲೂಟೂತಿನ ಹೊಸ ಪ್ರಸಾರ ವಿಧಾನವಾದ ಆರಾಕಾಸ್ಟ್ ಬಗ್ಗೆ ಯುವಜನರಿಗೆ ಉತ್ಸಾಹವಿದೆ. ಅದನ್ನು ಹಿಡಿಯುವ ಯಂತ್ರಗಳು ನಮ್ಮ ಹಿರಿಯರ ಕಿವಿಗೆ ಬರುವವರೆಗೆ ತಂತಿಯನ್ನು ಕೀಳಬಾರದೆಂದು ಸಮಿತಿ ನಿರ್ಧರಿಸಿದೆ. ಪ್ರತಿ ಭಾನುವಾರ ಆರಾಧನೆಗೆ ಮುನ್ನ ಒಬ್ಬರು ರಿಸೀವರ್ ಹಾಕಿಕೊಂಡು ಎರಡೂ ಬದಿಯ ಬೆಂಚುಗಳ ನಡುವೆ ನಡೆದು ಲೂಪ್ ಪರೀಕ್ಷಿಸಬೇಕೆಂಬ ನಿಯಮವಾಗಿದ್ದು, ಆ ಕೆಲಸವನ್ನು ಗಾಯನ ಮಂಡಳಿಯ ಕಿರಿಯರು ಸರದಿಯ ಮೇಲೆ ಮಾಡುತ್ತಿದ್ದಾರೆ.